ಬಾಗಿಲ ಹಿಂದಿನ ಊಟ

ನಮ್ಮದು ಬ್ರೆಡ್ಡು, ಬನ್ನು, ರಸ್ಕು ಮಾಡುವ ಮನೆ. ಮುಂದೆ ಅಂಗಡಿ, ನಡುವೆ ಒಲೆಯ ಕೋಣೆ, ಹಿಂದೆ ನಾವು. ಇಂಥ ಮನೆಯಲ್ಲಿ ಊಟದ ಹೊತ್ತು ಅಂತ ಒಂದು ಇರುವುದಿಲ್ಲ. ಹೋಗುವವರು ಬರುವವರು ತಟ್ಟೆಯಿಂದ ಏನಾದರೊಂದು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಲೇ ಇರುತ್ತಾರೆ. ಅಂಚು ಕರಕಲಾದದ್ದು, ಆಕಾರ ಕೆಟ್ಟದ್ದು, ಮುರಿದದ್ದು ಎಲ್ಲ ಮನೆಯವರ ಪಾಲು. ನನ್ನ ಓರಗಿತ್ತಿಯಂತೂ ಮಾತಾಡುವಾಗಲೂ ತಿನ್ನುತ್ತಾಳೆ, ತಿನ್ನುವಾಗಲೂ ಮಾತಾಡುತ್ತಾಳೆ. ಅವಳ ಗಂಡ ನನ್ನ ಗಂಡನ ಅಣ್ಣ. ಅಣ್ಣತಮ್ಮಂದಿರು ಇಬ್ಬರೂ ಹೋದ ಮೇಲೆ ನಾವಿಬ್ಬರು ಮುದುಕಿಯರು, ನನ್ನ ಮಗ, ಸೊಸೆ, ಇಷ್ಟೇ ಜನ ಉಳಿದೆವು. ಓರಗಿತ್ತಿಯ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು. ಅದು ರಸ್ಕು ಕಡಿಯುವ ಸದ್ದಿಗೆ ಅಂಗಡಿಗೆ ಬಂದವರು ಒಳಗೇನೋ ಒಡೆಯಿತು ಅಂದುಕೊಂಡು ಇಣುಕುತ್ತಿದ್ದರು.

ಇಂಥ ಮನೆಗೆ ನುಂಗಲಾರದ ಮಗು ಬಂತು.

ಸೊಸೆಗೆ ಆರು ತಿಂಗಳಾದಾಗಲೇ ಹೊಟ್ಟೆ ಎಂಟರ ಹಾಗೆ ಕಾಣುತ್ತಿತ್ತು. ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ಓರಗಿತ್ತಿ ಅವಳನ್ನು ಮುಂದಿನಿಂದ, ಪಕ್ಕದಿಂದ ನೋಡಿ ತೀರ್ಪು ಕೊಟ್ಟಳು.

“ಒಂದಲ್ಲ, ಎರಡು. ಒಬ್ಬ ಹಿಟ್ಟು ನಾದೋಕೆ, ಇನ್ನೊಬ್ಬ ಗಲ್ಲಾ ಮೇಲೆ ಕೂರೋಕೆ.”

“ಸುಮ್ನಿರಿ ದೊಡ್ಡತ್ತೆ, ಒಂದನ್ನ ಹೊರೋಕೇ ನಂಗೆ ಸೊಂಟ ಬಿದ್ದುಹೋಗ್ತಿದೆ,” ಎಂದು ಸೊಸೆ ನಕ್ಕಳು.

ಸ್ಕ್ಯಾನಿಂಗಿಗೆ ಮಗ, ಸೊಸೆ, ನಾನು ಮೂವರೂ ಹೋದೆವು. ಕೋಣೆ ಅರೆಗತ್ತಲಾಗಿತ್ತು, ತಣ್ಣಗಿತ್ತು. ಸ್ಕ್ಯಾನಿಂಗ್ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಮೊದಲು ಇದು ಕೈ, ಇದು ಬೆನ್ನುಮೂಳೆ, ನೋಡಿ ಹೇಗೆ ಕಾಲು ಮಡಚ್ಕೊಂಡಿದೆ ಅಂತ ಲವಲವಿಕೆಯಿಂದ ತೋರಿಸುತ್ತಿದ್ದಳು. ಆಮೇಲೆ ಮಾತು ನಿಂತಿತು. ಅವಳ ಕೈ ಹೊಟ್ಟೆಯ ಮೇಲೆ ಒಂದೇ ಕಡೆ ಹೋಗುತ್ತಿತ್ತು, ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಡಾಕ್ಟರ ಮಾತಿಗಿಂತ ಅವರು ಮಾತು ನಿಲ್ಲಿಸುವುದು ಬೇಗ ಅರ್ಥವಾಗುತ್ತದೆ.

“ಹೊರಗೆ ಸ್ವಲ್ಪ ಓಡಾಡ್ಕೊಂಡು ಬನ್ನಿ,” ಎಂದಳು. “ಮಗುವಿನ ಹೊಟ್ಟೆ ಕೆಲವು ಸಲ ಖಾಲಿ ಇರುತ್ತೆ. ಆಮೇಲೆ ಇನ್ನೊಂದ್ಸಲ ನೋಡೋಣ.”

ಓಣಿಯಂಥ ಉದ್ದ ವರಾಂಡದಲ್ಲಿ ಸೊಸೆಯನ್ನು ನಡುವೆ ಇಟ್ಟುಕೊಂಡು ಆ ಕೊನೆಯಿಂದ ಈ ಕೊನೆಗೆ ನಡೆದೆವು.

“ಹೊಟ್ಟೆ ಖಾಲಿಯಂತೆ,” ಎಂದ ಮಗ. “ಇವಳು ಬೆಳಿಗ್ಗೆ ತಿಂದ ನಾಲ್ಕು ಬನ್ನು ಎಲ್ಲಿ ಹೋಯ್ತಂತೆ?”

“ಮೂರು,” ಎಂದಳು ಸೊಸೆ. “ಒಂದು ನೀವು ಕಿತ್ಕೊಂಡ್ರಿ.”

ಇಬ್ಬರೂ ನಕ್ಕರು. ನಗು ಎದೆಯಿಂದ ಬಂದದ್ದಲ್ಲ.

ಮತ್ತೆ ಒಳಗೆ ಹೋದಾಗ ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. “ಇಲ್ಲಿ ಒಂದು ಕಪ್ಪು ಗುಳ್ಳೆ ಕಾಣಬೇಕು. ಬಟಾಣಿಯಷ್ಟಾದ್ರೂ. ಮಗು ಒಳಗಿನ ನೀರನ್ನ ನುಂಗುತ್ತೆ, ಅದು ಹೊಟ್ಟೆಗಿಳಿದಾಗ ಹಾಗೆ ಕಪ್ಪಗೆ ಕಾಣೋದು. ಈ ಮಗೂಗೆ ಕಾಣ್ತಿಲ್ಲ. ನುಂಗಬೇಕಾಗಿದ್ದ ನೀರೆಲ್ಲ ಹೊರಗೇ ಉಳ್ಕೊಂಡಿದೆ. ಅದಕ್ಕೇ ಇವರ ಹೊಟ್ಟೆ ಇಷ್ಟು ದೊಡ್ಡದಾಗಿರೋದು.”

“ಹಾಗಾದ್ರೆ ಅವಳಿ ಅಲ್ವಾ?” ಎಂದು ಮಗ ಕೇಳಿದ. ಪಾಪ, ಅವನ ಬಾಯಿಗೆ ಆ ಹೊತ್ತಿನಲ್ಲಿ ಬಂದದ್ದು ಅದೊಂದೇ ಪ್ರಶ್ನೆ.

ನಾವೆಲ್ಲ ಆ ಬೂದು ಬಣ್ಣದ ಚಿತ್ರದಲ್ಲಿ ಬಟಾಣಿ ಹುಡುಕುತ್ತ ನಿಂತೆವು. ಕಣ್ಣು ಕಿರಿದು ಮಾಡಿ ನೋಡಿದರೆ ಎಲ್ಲೆಲ್ಲೂ ಬಟಾಣಿ ಇದ್ದ ಹಾಗೇ ಕಾಣುತ್ತಿತ್ತು. ಇರಬೇಕಾದ ಜಾಗದಲ್ಲಿ ಮಾತ್ರ ಇರಲಿಲ್ಲ.

ಆಮೇಲೆ ಎಷ್ಟೋ ಸಲ ಸ್ಕ್ಯಾನಿಂಗ್ ಆಯಿತು. ಪ್ರತಿ ಸಲ ಮನೆಗೆ ಬಂದಾಗ ಓರಗಿತ್ತಿ ಬಾಗಿಲಲ್ಲೇ ನಿಂತು ಕೇಳುವಳು, “ಬಟಾಣಿ ಕಾಣಿಸ್ತಾ?” ಸೊಸೆ ತಲೆ ಅಲ್ಲಾಡಿಸಿ, “ಇಲ್ಲ ದೊಡ್ಡತ್ತೆ, ಕಾಣ್ತಿಲ್ಲ,” ಎಂದು ಒಳಗೆ ಹೋಗುವಳು. ಹುಟ್ಟುವ ಮೊದಲೇ ಮಗುವಿಗೆ ಅದೇ ಹೆಸರು ಅಂಟಿಕೊಂಡಿತು. ಬಟಾಣಿ.

ಮಕ್ಕಳ ಸರ್ಜನ್ ಒಬ್ಬರನ್ನು ಹೆರಿಗೆಗೆ ಮೊದಲೇ ನೋಡಿದೆವು. ಬಾಚಣಿಗೆಗೆ ಹೆಚ್ಚು ಕೆಲಸ ಕೊಡದ ಗಿಡ್ಡ ಕೂದಲಿನ ಹೆಂಗಸು, ಮಾತು ಕಡಿಮೆ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಬಾಯಿಂದ ಹೊಟ್ಟೆಗೆ ಇಳಿಯುವ ಅನ್ನನಾಳ ನಡುವೆ ಇಲ್ಲ. ಮೇಲಿನ ತುಂಡು ಚೀಲದ ಹಾಗೆ ಮುಚ್ಚಿಕೊಂಡಿದೆ, ಕೆಳಗಿನದು ಮೊಂಡಾಗಿ ನಿಂತಿದೆ. ಹೃದಯ, ಮೂತ್ರಪಿಂಡ ಎಲ್ಲವನ್ನೂ ನೋಡಿದ್ದರು, ಅವು ಚೆನ್ನಾಗಿದ್ದವು.

“ಮುಂಚೆ ಗೊತ್ತಾಗಿದ್ದು ಒಳ್ಳೇದಾಯ್ತು,” ಎಂದರು. “ಗೊತ್ತಿಲ್ದೆ ಹುಟ್ಟಿದ್ರೆ ಯಾರಾದ್ರೂ ಹಾಲು ಕುಡಿಸ್ತಿದ್ರು, ಅದು ಉಸಿರಿನ ದಾರಿಗೆ ನುಗ್ತಿತ್ತು. ಈಗ ನಾವು ಕಾದುಕೊಂಡು ನಿಂತಿರ್ತೀವಿ. ಕತ್ತಿನ ಹತ್ರ ಸಣ್ಣ ಬಾಯಿ ಮಾಡಿ ಎಂಜಲು ಹೊರಗೆ ಬರೋ ಹಾಗೆ ಮಾಡ್ತೀವಿ. ಹಾಲು ಟ್ಯೂಬ್‌ನಲ್ಲಿ ನೇರ ಹೊಟ್ಟೆಗೆ. ಒಂದು ವರ್ಷ ಆಗ್ಲಿ, ಮೈ ತುಂಬ್ಕೊಳ್ಲಿ. ಆಮೇಲೆ ದೊಡ್ಡ ಆಪರೇಷನ್.”

“ಆಮೇಲೆ ಎಲ್ಲರ ಹಾಗೆ ಊಟ ಮಾಡುತ್ತಾ ಡಾಕ್ಟ್ರೇ?” ಎಂದು ಸೊಸೆ ಕೇಳಿದಳು.

ಅವರು ಪೆನ್ನಿನ ತುದಿಯನ್ನು ತಾವು ಬರೆದ ಗೆರೆಯ ಮೇಲೆ ಇಟ್ಟರು. “ದಾರಿ ನಾನು ಮಾಡಿಕೊಡ್ತೀನಿ. ನುಂಗೋದು ಮಗುವೇ ಕಲೀಬೇಕು. ಅದನ್ನ ಕಲಿಯೋಕೆ ಒಂದು ವಯಸ್ಸಿರುತ್ತೆ. ಅದು ಕಳೆದುಹೋದ್ರೆ ಬಹಳ ಕಷ್ಟ. ಎಷ್ಟು ಚೆನ್ನಾಗಿ ಹೊಲಿದ್ರೂ ಬಾಯಿ ಬಿಡದ ಮಕ್ಕಳನ್ನ ನೋಡಿದೀನಿ.”

ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಕೂದಲು ಬೆಳ್ಳಗಾಗಲು ಶುರುವಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ವಯಸ್ಸು ಮೀರಿದ ಮೇಲೆ ಕಲಿಯುವುದು ಎಂದರೆ ಏನೆಂದು ಬೆರಳುಗಳಿಗೆ ಗೊತ್ತಿದೆ. ಪೆನ್ಸಿಲ್ ಹಿಡಿದರೆ ಹಿಟ್ಟು ನಾದುವ ಹಾಗೆ ಹಿಡಿಯುತ್ತಿದ್ದೆ. ಆದರೂ ಕಲಿತೆ. ಆದರೆ ನಾನು ಕಲಿಯದೆ ಇದ್ದಿದ್ದರೆ ನನಗೆ ಊಟ ತಪ್ಪುತ್ತಿರಲಿಲ್ಲ.

ಬಟಾಣಿ ಹುಟ್ಟಿದಳು. ಹೇಳಿದ್ದೆಲ್ಲ ಹೇಳಿದ ಹಾಗೇ ನಡೆಯಿತು. ಕತ್ತಿನ ಎಡಗಡೆ ಗುಲಾಬಿ ಬಣ್ಣದ ಪುಟ್ಟ ಬಾಯಿ, ಹೊಟ್ಟೆಯ ಮೇಲೆ ಟ್ಯೂಬು. ಎಷ್ಟೋ ವಾರ ಆಸ್ಪತ್ರೆಯಲ್ಲಿಟ್ಟುಕೊಂಡು, ಸೊಸೆಗೂ ನನಗೂ ಎಲ್ಲ ಕಲಿಸಿ ಮನೆಗೆ ಕಳಿಸಿದರು. ಟ್ಯೂಬಿನ ತುದಿಗೆ ಸಿರಿಂಜು ಸಿಕ್ಕಿಸಿ ಎತ್ತಿ ಹಿಡಿಯಬೇಕು, ಹಾಲು ತಾನಾಗಿ ಇಳಿಯುತ್ತದೆ. ಜತೆಗೆ ಇನ್ನೊಂದು ಕೆಲಸ ಹೇಳಿದ್ದರು. ಹೊಟ್ಟೆಗೆ ಹಾಲು ಇಳಿಯುವ ಹೊತ್ತಿಗೇ ಬಾಯಿಗೂ ಚಮಚದಲ್ಲಿ ಸ್ವಲ್ಪ ಹಾಲು ಕೊಡಬೇಕು. ಅದು ಕತ್ತಿನಿಂದ ಹೊರಗೆ ಬರುತ್ತದೆ, ಬರಲಿ. ಬಾಯಿಗೆ ರುಚಿ ಬಂದಾಗ ಹೊಟ್ಟೆ ತುಂಬುತ್ತದೆ ಅನ್ನುವ ನಂಟು ಮಗುವಿಗೆ ಬೆಳೆಯಬೇಕು.

ಮೊದಲು ಶ್ರದ್ಧೆಯಿಂದ ಮಾಡಿದೆವು. ಮಗು ಚಪ್ಪರಿಸಿ ಕುಡಿಯುತ್ತಿತ್ತು. ಕುಡಿದದ್ದು ಕತ್ತಿನಿಂದ ಜಿನುಗಿ, ಒತ್ತಿಟ್ಟ ಬಟ್ಟೆ ತೊಯ್ಯುತ್ತಿತ್ತು. ಸೊಸೆ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಅಳುತ್ತಿದ್ದಳು.

“ಇದು ಮೋಸ ಅಲ್ವಾ ಅತ್ತೆ? ಅವಳು ಕುಡಿದೆ ಅಂದ್ಕೊಂಡಿದಾಳೆ.”

“ಹೊಟ್ಟೆಗೂ ಹೋಗ್ತಿದೆಯಲ್ಲ, ಮೋಸ ಏನು ಬಂತು?” ಎಂದು ನಾನು ಹೇಳಿದರೂ ನನ್ನ ಧ್ವನಿಯೇ ನನಗೆ ನಂಬುವ ಹಾಗಿರಲಿಲ್ಲ.

ಒಂದು ಸಲ ಕತ್ತಿನ ಸುತ್ತ ಚರ್ಮ ಕೆಂಪಗೆ ಹುಣ್ಣಾಯಿತು. ವಾಸಿಯಾಗುವ ತನಕ ಬಾಯಿಗೆ ಕೊಡಬೇಡಿ ಎಂದರು ನರ್ಸಮ್ಮ. ಹುಣ್ಣು ವಾಸಿಯಾಯಿತು. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಮಾತ್ರ ಯಾರಿಗೂ ಕೈ ಬರಲಿಲ್ಲ. ನಾಳೆ ಮಾಡೋಣ, ಶೀತ ಇಳಿಯಲಿ, ಹಲ್ಲು ಬರಲಿ ಅಂತ ದಿನ ತಳ್ಳಿದೆವು.

ಬಾಗಿಲು ಮುಚ್ಚಿ ಉಣ್ಣುವುದು ಶುರುವಾದದ್ದೂ ಅದೇ ಸಮಯದಲ್ಲಿ. ಸೊಸೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬನ್ನು ತಿನ್ನುತ್ತಿದ್ದಳು. ಬಟಾಣಿ ಅವಳ ಕೈಯನ್ನೇ ನೋಡಿದಳು, ಬಾಯನ್ನು ನೋಡಿದಳು, ಜೋರಾಗಿ ಅತ್ತುಬಿಟ್ಟಳು. ಒದ್ದೆಯಾಗಿತ್ತೋ, ಹೊಟ್ಟೆ ಹಿಡಿದಿತ್ತೋ, ಮಕ್ಕಳು ಅಳುವುದಕ್ಕೆ ನೂರು ಕಾರಣ. ಸೊಸೆ ಬಾಯಲ್ಲಿದ್ದುದನ್ನು ಕೈಗೆ ಉಗಿದು ಎದ್ದುಹೋದಳು.

ಅಂದಿನಿಂದ ಮಗುವಿನ ಕಣ್ಣಮುಂದೆ ಯಾರೂ ತಿನ್ನಬಾರದು ಅನ್ನುವುದು ಮನೆಯ ಕಾನೂನಾಯಿತು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಎಲ್ಲರೂ ಪಾಲಿಸಿದೆವು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರಾಗಿ ಉಣ್ಣುವುದು. ಹೊರಗೆ ಬರುವ ಮುಂಚೆ ಬಾಯಿ ಒರೆಸಿಕೊಳ್ಳುವುದು. ಮಗ ಅಂಗಡಿಗೂ ಮನೆಗೂ ನಡುವೆ ದಪ್ಪ ಪರದೆ ಕಟ್ಟಿದ. ಸೊಸೆ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ನುಂಗಿ ಬರುತ್ತಿದ್ದಳು. ಬರುಬರುತ್ತ ಅದೂ ಒಂದೇ ತುತ್ತಾಯಿತು. ಎದುರುಮನೆಯ ದರ್ಜಿಯ ಹೆಂಡತಿ ಮಗುವನ್ನು ಆಡಿಸಲು ಬರುವಾಗ ಕಡಲೆಬೀಜದ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಬಿಗಿಯಾಗಿ ಸಿಕ್ಕಿಸಿಕೊಳ್ಳುವಳು. ಬೀದಿಯೆಲ್ಲ ನಮ್ಮ ಜತೆ ಬಾಯಿ ಮುಚ್ಚಿಕೊಂಡಿತ್ತು.

ಹೆಚ್ಚು ಕಷ್ಟಪಟ್ಟವಳು ಓರಗಿತ್ತಿ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸದ್ದಾಗಬಾರದು ಅಂತ ರಸ್ಕನ್ನು ಚಹಾದಲ್ಲಿ ಚೆನ್ನಾಗಿ ನೆನೆಸಿ ತಿನ್ನುತ್ತಿದ್ದಳು.

“ನನ್ನ ಮನೇಲಿ ನಾನೇ ಕಳ್ಳಿ,” ಎಂದು ಗೊಣಗುವಳು. “ಗಂಡ ಇದ್ದಾಗ್ಲೂ ಹೀಗೆ ಕದ್ದು ತಿಂದಿರ್ಲಿಲ್ಲ.”

“ಮಗೂಗೋಸ್ಕರ ಅಲ್ವಾ ಅಕ್ಕ?”

“ಅದಕ್ಕೇ ಸುಮ್ನಿದೀನಿ. ಇಲ್ಲಾಂದ್ರೆ ನಿನ್ನ ಮಾತು ಯಾರು ಕೇಳ್ತಿದ್ರು?”

ವರ್ಷ ತುಂಬಿದ ಮೇಲೆ ದೊಡ್ಡ ಆಪರೇಷನ್ ಆಯಿತು. ಎರಡು ತುದಿಗಳನ್ನು ಸೇರಿಸುವಷ್ಟು ಉದ್ದ ಇರಲಿಲ್ಲ. ಹಾಗಾಗಿ ಹೊಟ್ಟೆಯ ಚೀಲವನ್ನೇ ಎದೆಯ ಮೂಲಕ ಮೇಲಕ್ಕೆ ತಂದು ಕತ್ತಿನ ಹತ್ತಿರ ಹೊಲಿದು, ಅಲ್ಲಿದ್ದ ಪುಟ್ಟ ಬಾಯಿಯನ್ನು ಮುಚ್ಚಿದರು. ಟ್ಯೂಬನ್ನು ಇನ್ನೂ ಕೆಳಗೆ, ಕರುಳಿಗೆ ಹಾಕಿದರು. ಆ ದಿನ ನಾವು ಕೂತ ಬೆಂಚು, ಎದುರಿನ ಗೋಡೆಯ ಬಿರುಕು, ಬಾಗಿಲು ತೆರೆದಾಗಲೆಲ್ಲ ಬರುತ್ತಿದ್ದ ಔಷಧಿಯ ವಾಸನೆ, ಇವೆಲ್ಲ ನೆನಪಿವೆ. ಮಗ ಒಂದೇ ಒಂದು ಮಾತಾಡಿದ, “ಒಲೆ ಆರಿಸಿ ಬಂದಿದೀನಾ ಅಮ್ಮ?” ನಾನು ಹೂಂ ಅಂದೆ. ನನಗೂ ಗೊತ್ತಿರಲಿಲ್ಲ.

ಹೊಲಿಗೆ ನಿಂತಿತು. ಕೆಲವು ದಿನ ಬಿಟ್ಟು ಬಣ್ಣದ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಅಳಿಸಿ, ಹಿಡಿದು, ಹೇಗೋ ಒಂದು ಗುಟುಕು ಒಳಗೆ ಬಿಟ್ಟದ್ದು ಎಲ್ಲೂ ಸೋರದೆ ಇಳಿದಿತ್ತು. ಸರ್ಜನ್ ಆ ಚಿತ್ರವನ್ನು ಬೆಳಕಿಗೆ ಹಿಡಿದಾಗ ಮೊದಲ ಸಲ ಅವರ ಹಲ್ಲು ಕಂಡವು.

“ದಾರಿ ಆಗಿದೆ,” ಎಂದರು. “ಇನ್ನು ಅವಳ ಕೆಲಸ.”

ಅವಳು ಆ ಕೆಲಸಕ್ಕೆ ಒಪ್ಪಲಿಲ್ಲ.

ಚಮಚ ತುಟಿಗೆ ತಾಗಿದರೆ ಸಾಕು, ಮುಖ ಆ ಕಡೆ. ಆ ಕಡೆ ಹೋದರೆ ಈ ಕಡೆ. ತುಟಿ ಹೊಲಿದ ಹಾಗೆ ಬಿಗಿ. ಹೇಗಾದರೂ ಒಂದು ಹನಿ ಒಳಗೆ ಹೋದರೆ ಬೇರೆಯವರ ಮನೆಯ ವಸ್ತು ತನ್ನ ಬಾಯಿಗೆ ಬಂದಿದೆ ಅನ್ನುವ ಹಾಗೆ ನಾಲಗೆಯಿಂದ ಹೊರಗೆ ತಳ್ಳುವಳು, ಓಕರಿಸುವಳು. ಸೊಸೆ ಹಾಡಿದಳು, ಬೇಡಿದಳು, ಒಂದು ಸಲ ಕೂಗಾಡಿದಳು, ಆಮೇಲೆ ಕೂಗಾಡಿದೆನಲ್ಲ ಅಂತ ಅತ್ತಳು. ಮಗ ಬೇರೆ ಬೇರೆ ಆಕಾರದ ಬಿಸ್ಕತ್ತು ಮಾಡಿದ. ಮೀನು, ನಕ್ಷತ್ರ, ಆನೆ. ಬಟಾಣಿ ಅವನ್ನು ಸಾಲಾಗಿ ನೆಲದ ಮೇಲೆ ಜೋಡಿಸಿ ಆಡಿದಳು. ಆನೆಯನ್ನು ಮಲಗಿಸಿ ಬಟ್ಟೆ ಹೊದಿಸಿದಳು. ಅದನ್ನು ತಿನ್ನುತ್ತಾರೆ ಅನ್ನುವ ಯೋಚನೆಯೇ ಅವಳ ಹತ್ತಿರ ಸುಳಿಯಲಿಲ್ಲ.

ವಾರಗಳು ಹೋದವು. ಸರ್ಜನ್ ಒಂದು ದಿನ ಮೆಲ್ಲಗೆ ಹೇಳಿದರು. “ಟ್ಯೂಬ್‌ನಲ್ಲೇ ಬೆಳೆದ ಮಕ್ಕಳಿದಾರೆ. ಶಾಲೆಗೂ ಹೋಗ್ತಾರೆ. ಆದ್ರೆ ನಾವು ಇಷ್ಟೆಲ್ಲ ಮಾಡಿದ್ದು ಅದಕ್ಕಲ್ಲ. ಈಗ ಬಿಟ್ರೆ ಮುಂದೆ ಇನ್ನೂ ಕಷ್ಟ ಆಗುತ್ತೆ.” ಊಟ ಕಲಿಸುವ ಟೀಚರೊಬ್ಬರು ಅದೇ ಆಸ್ಪತ್ರೆಯಲ್ಲಿದ್ದರು. ಅವರ ಹತ್ತಿರ ಕಳಿಸಿದರು.

ಟೀಚರಮ್ಮನ ಕೋಣೆಯಲ್ಲಿ ಪುಟ್ಟ ಕುರ್ಚಿಗಳು, ಬಣ್ಣದ ಚಮಚಗಳು. ಓರಗಿತ್ತಿಯೂ ಹಠ ಹಿಡಿದು ಬಂದಿದ್ದಳು. ಟೀಚರಮ್ಮ ಬಟಾಣಿಯ ಬಾಯಿ ನೋಡಿದರು, ಗಲ್ಲ ಸವರಿದರು, ಆಟವಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿದರು.

“ಮನೇಲಿ ನೀವೆಲ್ಲ ಊಟ ಮಾಡುವಾಗ ಮಗು ಎಲ್ಲಿರುತ್ತೆ?”

ಮಗ ಎದೆ ಉಬ್ಬಿಸಿ ಹೇಳಿದ. “ಇಲ್ಲ ಮೇಡಂ, ಆ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಅವಳ ಮುಂದೆ ಯಾರೂ ಒಂದು ಚೂರೂ ತಿಂದಿಲ್ಲ. ಬೇಕರಿಯವರಾಗಿದ್ರೂ ಪರದೆ ಹಾಕಿಸಿದೀವಿ.”

“ನಾನು ಹಿತ್ಲಲ್ಲಿ ಕೂತು ತಿಂತೀನಿ,” ಎಂದು ಓರಗಿತ್ತಿ ತನ್ನ ಪಾಲಿನ ತ್ಯಾಗವನ್ನೂ ಸೇರಿಸಿದಳು. “ಮಳೆ ಬಂದ್ರೆ ಕೊಡೆ ಹಿಡ್ಕೊಂಡು.”

ಟೀಚರಮ್ಮ ಚಮಚವನ್ನು ಮೇಜಿನ ಮೇಲಿಟ್ಟರು. “ಯಾವತ್ತೂ ಇಲ್ವಾ?”

“ಯಾವತ್ತೂ ಇಲ್ಲ.”

“ಹಾಗಾದ್ರೆ,” ಎಂದರು ಅವರು, ಬೈಯುವ ಧ್ವನಿ ಅದಲ್ಲ, “ಈ ಮಗು ಊಟ ಅನ್ನೋದನ್ನೇ ನೋಡಿಲ್ಲ.”

ಬಟಾಣಿ ಒಂದು ಹಳದಿ ಚಮಚದಿಂದ ನೆಲ ಕುಟ್ಟುತ್ತಿದ್ದಳು. ಅವಳಿಗೆ ಅದು ಕುಟ್ಟುವ ವಸ್ತು. ಬಾಯಿ ಅಂದರೆ ಅಳಲು, ನಗಲು, ಟ್ಯೂಬು ಎಳೆದರೆ ಕಿರುಚಲು ಇರುವ ಜಾಗ. ಹಾಲು ಹೊಟ್ಟೆಯ ಪಕ್ಕದಿಂದ ಬರುತ್ತದೆ. ನಮ್ಮೆಲ್ಲರ ಹೊಟ್ಟೆಗೂ ಹಾಗೇ ಬರುತ್ತದೆ ಅಂದುಕೊಂಡಿದ್ದಾಳೋ ಏನೋ. ನಾವು ನೋವಾಗದಿರಲಿ ಅಂತ ಬಾಗಿಲು ಹಾಕಿಕೊಂಡಿದ್ದೆವು. ಅವಳು ಬಾಗಿಲ ಈಚೆ ಕೂತು, ಇರುವುದೇ ಇಷ್ಟು ಅಂತ ಕಲಿತುಬಿಟ್ಟಿದ್ದಳು.

ರಾತ್ರಿ ಶಾಲೆಯಲ್ಲಿ ಮೊದಮೊದಲು ನಾನು ತಪ್ಪು ಬರೆದದ್ದು ಕಾಣಬಾರದು ಅಂತ ಮೊಣಕೈಯಿಂದ ಸ್ಲೇಟು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವಳೂ ಹಾಗೇ. ಮೇಷ್ಟರು ಇಬ್ಬರ ಮೊಣಕೈಯನ್ನೂ ಎತ್ತಿಸಿದ ಮೇಲೆಯೇ ನನಗೆ ಅಕ್ಷರ ಎಲ್ಲಿಂದ ಶುರುಮಾಡಬೇಕು ಅನ್ನುವುದು ಗೊತ್ತಾದದ್ದು, ಅವಳ ಕೈ ನೋಡಿ. ಅದೆಲ್ಲ ಆ ಪುಟ್ಟ ಕುರ್ಚಿಯ ಮೇಲೆ ಕೂತಾಗ ನೆನಪಾಯಿತು. ಮೊದಲೇ ನೆನಪಾಗಬಾರದಿತ್ತೇ.

“ಈಗ ಏನು ಮಾಡ್ಲಿ ಮೇಡಂ?” ಸೊಸೆಯ ಧ್ವನಿ ಕೇಳಿಸುವ ಹಾಗಿರಲಿಲ್ಲ.

“ತಿನ್ನಿ,” ಎಂದರು ಟೀಚರಮ್ಮ. “ಅವಳನ್ನ ನಡುವೆ ಕೂರಿಸ್ಕೊಂಡು ಎಲ್ಲರೂ ತಿನ್ನಿ. ಅವಳಿಗೆ ತಿನ್ನು ಅಂತ ಹೇಳ್ಬೇಡಿ. ಬಾಯಲ್ಲಿ ಕರಗೋ ಹಾಗೆ ಮೆತ್ತಗೆ ನೆನೆಸಿದ್ದನ್ನ ಮುಂದೆ ಇಡಿ, ನೆಟ್ಟಗೆ ಕೂರಿಸಿ, ಕಣ್ಣಿಟ್ಟಿರಿ. ಆಮೇಲೆ ಅವಳ ಪಾಡಿಗೆ ಬಿಡಿ.”

ದಾರಿಯುದ್ದಕ್ಕೂ ಓರಗಿತ್ತಿ, “ನಾನು ಮೊದ್ಲೇ ಹೇಳಿದ್ದೆ,” ಎನ್ನುತ್ತಿದ್ದಳು.

“ಏನು ಹೇಳಿದ್ರಿ ದೊಡ್ಡಮ್ಮ?” ಎಂದ ಮಗ.

“ಹಿತ್ಲಲ್ಲಿ ಸೊಳ್ಳೆ ಕಚ್ಚುತ್ತೆ ಅಂತ ಹೇಳಿರ್ಲಿಲ್ವಾ?”

ಮನೆಗೆ ಬಂದವನೇ ಮಗ ಸ್ಟೂಲು ಹತ್ತಿ ಪರದೆ ಕಿತ್ತ. ಅಂಗಡಿಯ ಬೆಳಕು ಒಳಗೆ ಬಂತು. ನೆಲದ ಮೇಲೆ ಚಾಪೆ ಹಾಸಿ ನಡುವೆ ಬಟಾಣಿಯನ್ನು ಕೂರಿಸಿ ಸುತ್ತ ಕೂತೆವು. ಹಾಲಿನಲ್ಲಿ ನೆನೆಸಿದ ರಸ್ಕಿನ ತಟ್ಟೆ ಅವಳ ಮುಂದೆ. ಎಲ್ಲರ ಕೈಯಲ್ಲೂ ತಟ್ಟೆ. ಯಾರಿಗೂ ಶುರು ಮಾಡಲಾಗುತ್ತಿಲ್ಲ. ಬಾಯಿ ಅಲ್ಲಾಡಿಸುವುದೇ ನಾಚಿಕೆಗೇಡು ಅನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಓರಗಿತ್ತಿ ತನ್ನ ಪಾಲಿನದನ್ನು ನೆನೆಸಿರಲಿಲ್ಲ. ಒಣ ರಸ್ಕು ಎತ್ತಿ, ಇಷ್ಟು ದಿನದ ಬಾಕಿಯನ್ನೆಲ್ಲ ತೀರಿಸುವವಳ ಹಾಗೆ ಕಡಿದಳು. ಮನೆ ಅದುರಿತು. ಬಟಾಣಿ ಬೆಚ್ಚಿಬಿದ್ದಳು, ತುಟಿ ನಡುಗಿತು, ಇನ್ನೇನು ಅಳಬೇಕು. ಅಳಲಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿದಳು. ಅಂಬೆಗಾಲಿಟ್ಟು ಹೋಗಿ ಓರಗಿತ್ತಿಯ ತೊಡೆ ಹತ್ತಿ, ಆಡುತ್ತಿದ್ದ ದವಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ದವಡೆ ನಿಂತಿತು.

“ನಿಲ್ಲಿಸ್ಬೇಡ ಅಕ್ಕ,” ಎಂದೆ.

ದವಡೆ ಮತ್ತೆ ಆಡಿತು. ಬಟಾಣಿ ಒಂದು ಬೆರಳನ್ನು ಆ ಬಾಯೊಳಗೆ ತೂರಿಸಿದಳು. ಕಟ್ಟಿಸಿದ ಹಲ್ಲಿನ ಸಾಲು ಅಲುಗಿ ಜಾರಿತು. ಮಗು ಕೇಕೆ ಹಾಕಿ ನಕ್ಕಿತು.

“ನಗು ನಗು,” ಎಂದಳು ಓರಗಿತ್ತಿ ಹಲ್ಲು ಸರಿಮಾಡಿಕೊಳ್ಳುತ್ತ. “ನಿನ್ನ ಅಜ್ಜಿಗೂ ಉದುರುತ್ತೆ, ಆವಾಗ ಇಬ್ರದ್ದೂ ಇಟ್ಕೊಂಡು ಆಡು.”

ಅವತ್ತು ಅಷ್ಟೇ. ಮಾರನೆಯ ದಿನವೂ ಅಷ್ಟೇ. ಬಟಾಣಿ ನಮ್ಮ ಬಾಯಿಗಳನ್ನು ಒಂದೊಂದಾಗಿ ತಪಾಸಣೆ ಮಾಡಿದಳು. ಆಮೇಲೆ ನೆನೆದ ರಸ್ಕನ್ನು ಮುಷ್ಟಿಯಲ್ಲಿ ಹಿಸುಕಿ ನಮಗೆ ತಿನ್ನಿಸಲು ಶುರುಮಾಡಿದಳು. ನನ್ನ ಬಾಯಿಗೆ, ದೊಡ್ಡಜ್ಜಿಯ ಬಾಯಿಗೆ, ಅಪ್ಪನ ಮೀಸೆಗೆ. ತನ್ನ ಬಾಯಿಗೆ ಮಾತ್ರ ಇಲ್ಲ. ಅಂಗಡಿಗೆ ಬಂದವರೂ ಈಗ ಎದುರಿಗೇ ನಿಂತು ಬನ್ನು ತಿಂದು, ಅವಳಿಗೆ ಕಾಣುವ ಹಾಗೆ ಬಾಯಿ ಅಗಲಿಸಿ ಹೋಗುತ್ತಿದ್ದರು. ದರ್ಜಿಯ ಹೆಂಡತಿ ಕಡಲೆಬೀಜವನ್ನು ಧಾರಾಳವಾಗಿ ಅಗಿದಳು. ಒಂದು ಮಾತ್ರ ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಸೊಸೆಯ ತಟ್ಟೆ ಹಾಕಿದ ಹಾಗೇ ಇರುತ್ತಿತ್ತು. ಅವಳು ಮುರಿಯುವಳು, ಇಡುವಳು, ಇನ್ನೊಂದು ಕಡೆ ಸರಿಸುವಳು.

ಒಂದು ಮಧ್ಯಾಹ್ನ ಬಟಾಣಿ ತೆವಳಿಕೊಂಡು ಹೋಗಿ ಅಮ್ಮನ ಎದುರು ಕೂತಳು. ಮುಷ್ಟಿಯಿಂದ ಹಾಲು ಸೋರುತ್ತಿತ್ತು. ರಸ್ಕನ್ನು ಅಮ್ಮನ ತುಟಿಗೆ ಒತ್ತಿದಳು. ಸೊಸೆ ಮುಖ ಆ ಕಡೆ ತಿರುಗಿಸಿದಳು. ಮಗು ಕೈಯನ್ನು ಆ ಕಡೆಗೇ ಒಯ್ದಿತು. ಸೊಸೆ ಈ ಕಡೆ ತಿರುಗಿದಳು. ತುಟಿ ಹೊಲಿದ ಹಾಗೆ ಬಿಗಿ.

ಅದನ್ನು ನಾನು ಎಲ್ಲಿ ನೋಡಿದ್ದೆ ಅಂತ ಯೋಚಿಸಬೇಕಾಗಿರಲಿಲ್ಲ.

“ತಗೊಳ್ಳಮ್ಮ,” ಎಂದೆ. “ಅವಳು ಕೊಡ್ತಿದಾಳೆ.”

“ನನ್ನ ಕೈಲಿ ಆಗಲ್ಲ ಅತ್ತೆ. ಅವಳ ಮುಂದೆ ನುಂಗೋಕೆ ಹೋದ್ರೆ ಗಂಟಲು ಕಟ್ಟುತ್ತೆ. ಅವಳ ಗಂಟಲು ಹಾಗೆ ಮಾಡಿ ಕೊಟ್ಟವಳು ನಾನೇ ಅಲ್ವಾ?”

ಅದು ಇಷ್ಟು ದಿನ ಅವಳು ಯಾರಿಗೂ ಹೇಳದ ಮಾತು. ಸರ್ಜನ್ ಎಷ್ಟು ಸಲ ಹೇಳಿದ್ದರು, ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ, ತಿಂದದ್ದು ಬಿಟ್ಟದ್ದರಿಂದ ಆಗುವಂಥದ್ದಲ್ಲ ಅಂತ. ಅವಳು ತಲೆ ಆಡಿಸಿ ಕೇಳಿಸಿಕೊಂಡಿದ್ದಳು, ಒಳಗೆ ಬಿಟ್ಟುಕೊಂಡಿರಲಿಲ್ಲ.

ಮಗ ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣಲ್ಲೇ ಬೇಡ ಅಂದೆ. ನಾನು ಹೇಳಬೇಕಾದದ್ದನ್ನೂ ನುಂಗಿಕೊಂಡೆ. ಎದುರಿಗೆ ಕೂತವಳು ಇನ್ನೂ ಕೈ ಚಾಚಿಕೊಂಡೇ ಇದ್ದಳಲ್ಲ. ಅವಳಿಗಿಂತ ಚೆನ್ನಾಗಿ ಹೇಳುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಬಟಾಣಿಗೆ ತಾಳ್ಮೆ ಮುಗಿಯಿತು. “ಆ!” ಎಂದು ತನ್ನ ಬಾಯನ್ನೇ ದೊಡ್ಡದಾಗಿ ತೆರೆದು ಅಮ್ಮನಿಗೆ ತೋರಿಸಿಕೊಟ್ಟಳು, ಹೀಗೆ ತೆರೆಯಬೇಕು, ಗೊತ್ತಾಗಲ್ವಾ ಅನ್ನುವ ಹಾಗೆ. ನಾವು ತಿಂಗಳುಗಟ್ಟಲೆ ಕಾದ ಬಾಯಿ ಅದು. ಒಳಗಿನ ನಾಲ್ಕು ಹಲ್ಲೂ ಕಂಡವು.

ಸೊಸೆ ಬಾಯಿ ತೆರೆದಳು. ಹಾಲು, ರಸ್ಕು, ಮಗುವಿನ ಬೆರಳು ಎಲ್ಲ ಒಳಗೆ ಹೋಯಿತು. ಅಗಿಯುವಾಗ ಕಣ್ಣಿಂದ ನೀರು ಇಳಿಯುತ್ತಿತ್ತು. ನುಂಗಿದಳು. ಅವಳ ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ಬಟಾಣಿ ನೋಡಿದಳು. ಅಲ್ಲಿ ಕೈ ಇಟ್ಟು ಮುಟ್ಟಿದಳು. ಆಮೇಲೆ ತನ್ನ ಕತ್ತನ್ನು, ಹೊಲಿಗೆಯ ಗೆರೆ ಇರುವ ಎಡಗಡೆಯನ್ನು ಮುಟ್ಟಿಕೊಂಡಳು.

“ಇನ್ನೂ ಬೇಕು,” ಎಂದು ಸೊಸೆ ಕೇಳಿದಳು. ಕೇಳಿದ್ದು ಮಗುವನ್ನು. ಆ ದಿನ ಅವಳು ತಟ್ಟೆ ಪೂರ್ತಿ ಉಂಡಳು, ಕೂತು ಉಂಡಳು.

ಅದಾದ ಮೇಲೂ ಬಟಾಣಿ ಕೆಲವು ದಿನ ನಮ್ಮನ್ನು ಕಾಯಿಸಿದಳು. ರಸ್ಕನ್ನು ತುಟಿಗೆ ತಾಗಿಸುವಳು, ನೆಕ್ಕುವಳು, ಮುಖ ಕಿವುಚಿ ಎಸೆಯುವಳು. ಒಂದು ಬೆಳಿಗ್ಗೆ, ಒಲೆಯಿಂದ ಮೊದಲ ತಟ್ಟೆಗಳು ಹೊರಗೆ ಬಂದ ಹೊತ್ತಿಗೆ, ಎಲ್ಲರೂ ನಮ್ಮ ನಮ್ಮ ತಿಂಡಿಯ ಕಡೆ ಗಮನ ಇಟ್ಟಿದ್ದೆವು. ಸೊಸೆ ಮೆಲ್ಲಗೆ, “ಅತ್ತೆ,” ಎಂದಳು.

ಬಟಾಣಿಯ ಕೈಯಲ್ಲಿದ್ದ ನೆನೆದ ರಸ್ಕಿನ ಒಂದು ಮೂಲೆ ಇರಲಿಲ್ಲ.

“ಬಿದ್ದಿರ್ಬೇಕು,” ಎಂದ ಮಗ. ಅವನಿಗೆ ಆಸೆಪಡಲೂ ಭಯ.

ಹುಡುಕಿದೆವು. ಅವಳ ಮಡಿಲು, ಫ್ರಾಕಿನ ಮಡಿಕೆ, ಚಾಪೆಯ ಸಂದು. ಮಗ ನೆಲಕ್ಕೆ ಕೆನ್ನೆ ತಾಗಿಸಿ ಬೀರುವಿನ ಕೆಳಗೆ ನೋಡಿದ. ನಾನು ಅವಳ ಮುಷ್ಟಿ ಬಿಡಿಸಿ ಬೆರಳು ಬೆರಳು ನೋಡಿದೆ. ಸೊಸೆ ಹಳೆಯ ಅಭ್ಯಾಸದಂತೆ ಅವಳ ಕತ್ತಿಗೆ ಕಟ್ಟಿದ್ದ ಬಟ್ಟೆ ತೆಗೆದು ನೋಡಿದಳು. ಬಟ್ಟೆ ಒಣಗಿತ್ತು. “ಆ ಅನ್ನು ಪುಟ್ಟ,” ಎಂದು ಅವಳು ಬಾಯಿ ತೆರೆದು ತೋರಿಸಿದಾಗ ಬಟಾಣಿಯೂ ತೆರೆದಳು. ನಾಲಗೆಯ ಮೇಲೆ ಇಲ್ಲ, ಕೆಳಗಿಲ್ಲ, ಕೆನ್ನೆಯ ಒಳಗಿಲ್ಲ. ಕೆಮ್ಮಿಲ್ಲ, ಓಕರಿಕೆಯಿಲ್ಲ. ಅವಳು ನಮ್ಮ ಗಲಾಟೆ ನೋಡಿ ರಸ್ಕನ್ನು ಬಿಗಿಯಾಗಿ ಎದೆಗೊತ್ತಿಕೊಂಡಳು, ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ.

ಹಿತ್ತಿಲಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದ ಓರಗಿತ್ತಿ ಬಾಗಿಲಲ್ಲೇ ನಿಂತಳು. “ಏನು ಕಳ್ಕೊಂಡ್ರಿ ಎಲ್ಲರೂ?”

“ಒಂದು ಚೂರು ರಸ್ಕು ದೊಡ್ಡಮ್ಮ.”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಕಾಣಿಸ್ತಾ?”

ಸೊಸೆ ಚಾಪೆಯ ಕೊನೆಯ ಮೂಲೆ ಎತ್ತಿ ನೋಡಿ, ಕೆಳಗೆ ಬಿಟ್ಟಳು. “ಇಲ್ಲ ದೊಡ್ಡತ್ತೆ,” ಎಂದಳು. “ಕಾಣ್ತಿಲ್ಲ. ಎಲ್ಲೂ ಕಾಣ್ತಿಲ್ಲ.”

“ಇನ್ನೊಂದ್ಸಲ ಸರಿಯಾಗಿ ನೋಡ್ರೇ,” ಎಂದು ಹೇಳುತ್ತ ಓರಗಿತ್ತಿ ತಾನೂ ಮಂಡಿಯೂರಿ ಕೂತಳು. ನಾವು ಇನ್ನೊಂದು ಸಲ ಹುಡುಕಿದೆವು.